ಹೊಸ ಪಿಎಸ್‌ಐ, ಮೊದಲ ಠಾಣೆ: ರೋಲ್ ಕಾಲ್ ಬೈಗುಳ, ರಜೆ ಗೋಳು ನಿಲ್ಸೋಕೆ ಎಲ್ಲಿಂದ ಶುರು ಮಾಡ್ಲಿ?

ಎರಡು_ಸ್ಟಾರ್
ನಮಸ್ಕಾರ. ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಪ್ರೊಬೇಷನ್ ಮುಗೀತಾ ಬಂತು. ಸದ್ಯದಲ್ಲೇ ಒಂದು ಗ್ರಾಮಾಂತರ ಠಾಣೆ ಚಾರ್ಜ್ ಸಿಗೋ ಹಾಗಿದೆ. ಯಾವ ಜಿಲ್ಲೆ ಅಂತ ದಯವಿಟ್ಟು ಕೇಳ್ಬೇಡಿ.

ಪ್ರಾಯೋಗಿಕ ತರಬೇತಿಗೆ ಹಾಕಿದ್ದ ಠಾಣೇಲಿ ಬೆಳಗಿನ ರೋಲ್ ಕಾಲ್ ನೋಡಿ ನೋಡಿ ಒಂದು ವಿಷ್ಯ ತಲೇಲಿ ಕೂತ್ಬಿಟ್ಟಿದೆ. ನಿವೃತ್ತಿಗೆ ಹತ್ರ ಇದ್ದ ಹೆಚ್‌ಸಿ (ಹೆಡ್ ಕಾನ್‌ಸ್ಟೆಬಲ್) ಒಬ್ರು. ಮೊಮ್ಮಗನ ನಾಮಕರಣಕ್ಕೆ ಒಂದು ದಿನ ಸಿಎಲ್ (ಸಾಂದರ್ಭಿಕ ರಜೆ) ಬೇಕಿತ್ತು. ಚೀಟಿ ಬರ್ದು ಅಂಗಿ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು. ದಿನಾ ಬೆಳಿಗ್ಗೆ ಜೀಪ್ ಡ್ರೈವರ್ ಹತ್ರ "ಸಾಹೇಬ್ರ ಮೂಡ್ ಹೆಂಗಿದೆ" ಅಂತ ವಿಚಾರಿಸೋದು, ಚೀಟಿ ವಾಪಸ್ ಜೇಬಿಗೆ ಇಡೋದು. ಕೊನೆಗೆ ಒಂದಿನ ಧೈರ್ಯ ಮಾಡಿ ಕೊಟ್ರು. ರೋಲ್ ಕಾಲ್ ಸಾಲಲ್ಲೇ, ಎಲ್ಲರೆದುರು, "ನಿಂಗೆ ನೌಕರಿ ಬೇಕೋ ಮೊಮ್ಮಗ ಬೇಕೋ" ಅಂತ ಕೇಳಿಸ್ಕೊಂಡ್ರು. ಬೆಂಚಲ್ಲಿ ಕೂತಿದ್ದ ಕಳ್ಳತನ ಕೇಸಿನ ಆರೋಪಿ ಕಿಸಕ್ ಅಂತ ನಕ್ಕ.

ಸಂಬಳ ಹೆಚ್ಚಿಸ್ಬೇಕು, ಖಾಲಿ ಹುದ್ದೆ ತುಂಬ್ಬೇಕು, ರಾಜಕಾರಣಿಗಳು ಸರಿ ಹೋಗ್ಬೇಕು, ಇದೆಲ್ಲಾ ನಂಗೂ ಗೊತ್ತು. ಅದು ನನ್ನ ಕೈಲಿಲ್ಲ. ಒಬ್ಬ ಪಿಎಸ್‌ಐ ತನ್ನ ಠಾಣೆ ಕಾಂಪೌಂಡ್ ಒಳಗೆ ಏನ್ ಮಾಡಬಹುದು? ಅನುಭವ ಇದ್ದೋರು ಹೇಳಿ.

ಕೆಇಎ_ಸಂತ್ರಸ್ತ
ಗುರು, ಮೊದ್ಲು ಇದು ಹೇಳು: 545 ಪಿಎಸ್‌ಐ ಹುದ್ದೆಗಳ ಬ್ಯಾಚಾ, 402 ಹುದ್ದೆಗಳ ಬ್ಯಾಚಾ? 2021ರಲ್ಲಿ ಪರೀಕ್ಷೆ ಬರೆದು, 2022ರಲ್ಲಿ ರದ್ದಾಗಿ, 2024ರಲ್ಲಿ ಮತ್ತೆ ಬರೆದವರಾದ್ರೆ ನಿಮ್ಮ ತಾಳ್ಮೆಗೇ ಒಂದು ಪದಕ ಕೊಡ್ಬೇಕು.

ಎರಡು_ಸ್ಟಾರ್
ಅದನ್ನೇ ಕೇಳ್ಬೇಡಿ ಅಂದಿದ್ದು 🙏

ಹಳೇ_ರೈಟರ್
ನಾನು ಎಎಸ್‌ಐ ಆಗಿ ರಿಟೈರ್ ಆದವನು. ಅದಕ್ಕೂ ಮುಂಚೆ ಬಹಳ ವರ್ಷ ಸ್ಟೇಷನ್ ರೈಟರ್, ಅಂದ್ರೆ ಠಾಣೆ ಪುಸ್ತಕ ಬರೆಯೋನು. ಒಳಗಿನ ಮಾತು ಹೇಳ್ತೀನಿ ಕೇಳಿ ಸಾಹೇಬ್ರೆ. ರಜೆ ಮಂಜೂರು ಮಾಡೋ ಸಹಿ ನಿಮ್ಮದು, ಆದ್ರೆ ರಜೆ ಕೊಡೋನು ಡ್ಯೂಟಿ ಹಂಚೋ ರೈಟರ್. ತನಗೆ ಬೇಕಾದವನಿಗೆ ಕೋರ್ಟ್ ಡ್ಯೂಟಿ, ಬೇಡದವನಿಗೆ ನೈಟ್ ಬೀಟ್ ಮೇಲೆ ನೈಟ್ ಬೀಟ್. ಹೊಸದಾಗಿ ಬಂದ ಪಿಎಸ್‌ಐಗೆ ಇದು ಗೊತ್ತಾಗೋ ಹೊತ್ತಿಗೆ ಅವರ ವರ್ಗಾವಣೆ ಆರ್ಡರ್ ಬಂದಿರುತ್ತೆ.

ಬಂದ ಮೊದಲ ವಾರ ಬೇರೇನೂ ಮಾಡ್ಬೇಡಿ. ಹಿಂದಿನ ಮೂರು ತಿಂಗಳ ಡ್ಯೂಟಿ ಪುಸ್ತಕ ತರಿಸ್ಕೊಂಡು ರಾತ್ರಿ ಮನೇಲಿ ಕೂತು ನೋಡಿ. ಒಂದೊಂದು ಹೆಸರಿನ ಮುಂದೆ ಎಷ್ಟು ನೈಟ್ ಬಿದ್ದಿದೆ, ಎಷ್ಟು ವಾರದ ರಜೆ ಸಿಕ್ಕಿದೆ ಅಂತ ಗೆರೆ ಎಳೀರಿ. ಠಾಣೆ ಜಾತಕ ಅಲ್ಲೇ ಸಿಗುತ್ತೆ.

ಆಮೇಲೆ ಲೆಕ್ಕ. ಮಂಜೂರಾದ ಹುದ್ದೆ 40 ಅಂದ್ಕೊಳ್ಳಿ. ಖಾಲಿ ಇರೋದು ಕಳೀರಿ. ಡಿವೈಎಸ್‌ಪಿ ಆಫೀಸಿಗೆ ಓಓಡಿ (ಬೇರೆ ಕಡೆ ಡ್ಯೂಟಿ) ಹೋದವ್ರು, ಕಂಪ್ಯೂಟರ್ ಮುಂದೆ ಕೂತವ್ರು, ಕ್ರೈಂ ಟೀಮು, ಕೋರ್ಟು, ಸಮನ್ಸು-ವಾರೆಂಟು, ಟಪಾಲು, ಆರೋಪೀನ ಮೆಡಿಕಲ್‌ಗೆ ಕರ್ಕೊಂಡು ಹೋಗೋರು, ಸೆಂಟ್ರಿ, ಡ್ರೈವರ್. ಇಷ್ಟೂ ಕಳೆದ್ರೆ ರಸ್ತೇಲಿ ನಿಲ್ಲೋಕೆ ಒಂಬತ್ತೋ ಹತ್ತೋ ಜನ ಉಳೀತಾರೆ. ಆ ಒಂಬತ್ತು ಜನರ ಬೆನ್ನ ಮೇಲೇ ಇಡೀ ಠಾಣೆ ನಿಂತಿರುತ್ತೆ. ಬೈಗುಳ ಬೀಳೋದೂ ಅವರಿಗೇ, ಯಾಕಂದ್ರೆ ರೋಲ್ ಕಾಲ್‌ಗೆ ಬಂದು ನಿಂತಿರೋರು ಅವರೇ!

ಬೆಳ್ಳಂದೂರು_ಭಟ್ಟ
ನಾನು ಐಟಿ ಕಂಪನಿ ಹೆಚ್‌ಆರ್. ಹೊರಗಿನವನ ಸಲಹೆ: ಪ್ರತಿಯೊಬ್ಬರ ಜೊತೆ ತಿಂಗಳಿಗೊಮ್ಮೆ ಅರ್ಧ ಗಂಟೆ ಒಬ್ಬೊಬ್ಬರಾಗಿ ಕೂತು ಮಾತಾಡಿ. ಹೆಸರು ಹೇಳದೆ ಅಭಿಪ್ರಾಯ ಬರೆಯೋಕೆ ಒಂದು ಆನ್‌ಲೈನ್ ಫಾರ್ಮ್ ಮಾಡಿ. ಒಳ್ಳೆ ಕೆಲಸ ಮಾಡಿದವರ ಫೋಟೊ ಗೋಡೆಗೆ ಹಾಕಿ. ಶುಕ್ರವಾರ ಸಂಜೆ ಎಲ್ಲಾ ಸೇರಿ ಏನಾದ್ರೂ ಒಂದು ಚಟುವಟಿಕೆ.

ಪಿಸಿ_ಹುಬ್ಬಳ್ಳಿ
ಶುಕ್ರವಾರ ಸಂಜಿಕ? ಭಟ್ರ, ಶುಕ್ರವಾರ ಸಂಜಿಕ ನಮ್ಮದು ನಾಕಾಬಂದಿ ಚಟುವಟಿಕೆ ಇರ್ತದ್ರಿ, ಬರ್ರಿ ಕೂಡೂಣು 😂

ಕೆಇಎ_ಸಂತ್ರಸ್ತ
ಗೋಡೆ ಮೇಲೆ ಫೋಟೊ ಹಾಕೋದಾ? ಠಾಣೆ ಗೋಡೇಲಿ ಯಾರ ಫೋಟೊ ಇರುತ್ತೆ ಗೊತ್ತಾ ಭಟ್ರೆ? ಎಂಓಬಿ (ಹಳೇ ಅಪರಾಧಿಗಳ) ಪಟ್ಟಿ, ರೌಡಿ ಶೀಟರ್.

ಬೆಳ್ಳಂದೂರು_ಭಟ್ಟ
ನಗ್ರಿ ನಗ್ರಿ. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡೋದ್ರಲ್ಲಿ ತಪ್ಪೇನಿದೆ ಅಂತ ಯಾರೂ ಹೇಳ್ಲಿಲ್ಲ.

ಪಿಸಿ_ಹುಬ್ಬಳ್ಳಿ
ತಪ್ಪೇನಿಲ್ರಿ. ಆದ್ರ ಸಾಹೇಬ್ರು ಛೇಂಬರಿಗೆ ಒಬ್ಬನ್ನ ಕರದ್ರು ಅಂದ್ರ ಹೊರಗ ಉಳಿದವರೆಲ್ಲಾ "ಮೆಮೊ ಕೊಟ್ರೇನು?" ಅಂತ ಕೇಳ್ತಾರ. ಕುರ್ಚಿ ಮ್ಯಾಲ ಕೂಡು ಅಂದ್ರ ನಮಗ ಕೂಡಾಕ ಬರೂದಿಲ್ಲ. ಅದು ಮೊದಲ ರೂಢಿ ಆಗಬೇಕು.

ಸರ, ನಿಮ್ಮ ಪ್ರಶ್ನೆಕ ನಂದೊಂದು ಮಾತು. ಪಿಎಸ್‌ಐ ಕೆಟ್ಟಾಂವ ಅಂತ ಬೈಯೂದಿಲ್ರಿ. ನಾ ನೋಡಿದ್ದು ಹೇಳ್ತೀನಿ. ಜಿಲ್ಲಾ ಕಚೇರಿಯೊಳಗ ತಿಂಗಳಿಗೊಮ್ಮೆ ಕ್ರೈಂ ಮೀಟಿಂಗ್ ಇರ್ತದ. ವಾರೆಂಟ್ ಎಷ್ಟು ಬಾಕಿ, ಹೆಲ್ಮೆಟ್ ಕೇಸ್ ಎಷ್ಟು ಹಾಕಿದ್ರಿ, ಪತ್ತೆಯಾಗದ ಕಳ್ಳತನ ಎಷ್ಟು. ಅಲ್ಲಿ ಎಲ್ಲಾ ಠಾಣೆಯವರ ಮುಂದ ನಿಂದರಿಸಿ ಬೈತಾರ. ನಮ್ಮ ಸಾಹೇಬ್ರು ಅಲ್ಲಿಂದ ಬಂದ ಮರುದಿನ ಮುಂಜಾನೆ ರೋಲ್ ಕಾಲ್ ಹೆಂಗಿರ್ತದ ಅಂತ ಕೇಳಬ್ಯಾಡ್ರಿ. ಅತ್ತೆ ಮ್ಯಾಲಿನ ಕೋಪ ಕೊತ್ತಿ ಮ್ಯಾಲ. ನಾವು ಕೊತ್ತಿ. ನಾವು ಯಾರ ಮ್ಯಾಲ ತಗೀತೀವಿ ಅಂತ ರಸ್ತೆ ಮ್ಯಾಲ ಬೈಕ್ ಹೊಡಿಯೋರಿಗೆ ಗೊತ್ತದ.

2025ರ ಏಪ್ರಿಲ್‌ನಾಗ ಬೆಳಗಾವಿಯೊಳಗ ಏನಾತು ಎಲ್ಲಾರೂ ಟಿವಿಯೊಳಗ ನೋಡೀರಿ. ವೇದಿಕೆ ಮ್ಯಾಲ, ಮೈಕ್ ಮುಂದ, ಮುಖ್ಯಮಂತ್ರಿಗಳು ಎಎಸ್‌ಪಿ ಒಬ್ಬರಿಗೆ ಕೈ ಎತ್ತಿದ್ರು. ಆಮ್ಯಾಲ ಆ ಅಧಿಕಾರಿ ಸ್ವಯಂ ನಿವೃತ್ತಿ ಕೇಳಿ ಪತ್ರ ಬರದ್ರು. ಎಎಸ್‌ಪಿಗೇ ಹಂಗಾದ್ರ ಪಿಸಿ ಗತಿ ಏನ್ರಿ?

ನಿರ್ವಾಹಕ
ಬೆಳಗಾವಿ ಘಟನೆ ಬಗ್ಗೆ ಮಾತಾಡಿ, ಅಡ್ಡಿಯಿಲ್ಲ. ಅದರ ಹಿಂದೆ ಪಕ್ಷದ ಜಗಳ ತರಬೇಡಿ. ಈಗಾಗ್ಲೇ ಮೂರು ಉತ್ತರ ತೆಗೆದಿದ್ದೀನಿ.

ಕ್ವಾರ್ಟರ್ಸ್_ಶೋಭಾ
ನನ್ನ ಗಂಡ ಹೆಚ್‌ಸಿ. ಎಲ್ಲಾರೂ ಠಾಣೆ ಬಗ್ಗೆ ಮಾತಾಡ್ತಿದ್ದೀರಿ, ಕ್ವಾರ್ಟರ್ಸ್ ಬಗ್ಗೆ ನಾನು ಹೇಳ್ತೀನಿ.

ರಜೆ ಸಿಗದೆ ಇರೋದಕ್ಕಿಂತ ಕಷ್ಟ, ರಜೆ ಸಿಗುತ್ತೋ ಇಲ್ವೋ ಗೊತ್ತಾಗದೆ ಇರೋದು. ಇಲ್ಲ ಅಂತ ಮೊದ್ಲೇ ಹೇಳಿದ್ರೆ ನಾನೇ ಮಕ್ಕಳನ್ನ ಕರ್ಕೊಂಡು ಬಸ್ ಹತ್ತಿ ಹೋಗ್ತೀನಿ. ಇವರು "ನೋಡೋಣ, ನಾಳೆ ಕೇಳ್ತೀನಿ" ಅಂತಾರೆ. ಹಿಂದಿನ ರಾತ್ರಿವರೆಗೂ ಬ್ಯಾಗ್ ತುಂಬಿಟ್ಕೊಂಡು ಕೂತಿರ್ತೀವಿ. ತಂಗಿ ಮದುವೆಗೆ ಧಾರೆ ಮುಗಿದ ಮೇಲೆ ಬಂದು, ಯೂನಿಫಾರ್ಮ್ ಪ್ಯಾಂಟಿನ ಮೇಲೆ ಬಿಳಿ ಶರಟು ಹಾಕ್ಕೊಂಡು ಫೋಟೊಕ್ಕೆ ನಿಂತಿದ್ದಾರೆ. ಆ ಫೋಟೊ ನಾನು ಯಾರಿಗೂ ತೋರ್ಸಲ್ಲ.

ಎರಡು ಸ್ಟಾರ್ ಸರ್, ಇಷ್ಟು ಮಾಡಿ ಸಾಕು. ಕೊಡ್ತೀನಿ ಅಥವಾ ಕೊಡಲ್ಲ, ಎರಡರಲ್ಲಿ ಒಂದು ಅವತ್ತೇ ಹೇಳ್ಬಿಡಿ.

ಎರಡು_ಸ್ಟಾರ್
ಅಕ್ಕ, ಬರ್ಕೊಂಡೆ.

ಮಡಿಕೇರಿ_ಹವಾಲ್ದಾರ್
ನಾನು ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತ. ರಜೆ ವಿಷಯದಲ್ಲಿ ನಮ್ಮಲ್ಲಿ ಹೇಗಿತ್ತು ಹೇಳ್ತೇನೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಿಎಲ್. ವರ್ಷದ ಶುರುವಿನಲ್ಲೇ ಕಂಪನಿಯಲ್ಲಿ ರಜೆಯ ಪಟ್ಟಿ ತಯಾರಾಗುತ್ತದೆ. ಯಾರು ಯಾವಾಗ ಹೋಗುತ್ತಾರೆ, ಯಾರ ಬದಲಿಗೆ ಯಾರು, ಎಲ್ಲಾ ಬರೆದಿರುತ್ತದೆ. ನನಗೆ ಕೈಲ್‌ಪೋಳ್ದ್ ಹಬ್ಬಕ್ಕೆ ಬೇಕು, ಪಂಜಾಬಿನವನಿಗೆ ಬೇಸಾಯದ ಸಮಯಕ್ಕೆ ಬೇಕು, ಅದನ್ನೂ ನೋಡಿಯೇ ಹಾಕುತ್ತಿದ್ದರು. ಗಡಿಯಲ್ಲಿ ಪರಿಸ್ಥಿತಿ ಕೆಟ್ಟರೆ ರದ್ದಾಗುತ್ತದೆ, ಅದು ಬೇರೆ ಮಾತು. ಆದರೆ ರಜೆ ಕೇಳಿದ್ದಕ್ಕೆ ಬೈಸಿಕೊಂಡವರನ್ನು ನಾನು ನನ್ನ ಯೂನಿಟ್‌ನಲ್ಲಿ ನೋಡಲಿಲ್ಲ.

ಇನ್ನೊಂದು ದರ್ಬಾರ್, ಈಗ ಸೈನಿಕ ಸಮ್ಮೇಳನ ಎನ್ನುತ್ತಾರೆ. ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರ ಎದುರು ಇಡೀ ಯೂನಿಟ್ ಕೂರುತ್ತದೆ. ಕಷ್ಟ ಇದ್ದವ ಎದ್ದು ನಿಂತು ಹೇಳಬಹುದು. ಬಡಾಖಾನಾ ದಿನ ಅಧಿಕಾರಿಗಳು ಜವಾನರ ಜೊತೆ ಕೂತು ಉಣ್ಣುತ್ತಾರೆ, ಎಷ್ಟೋ ಸಲ ಅವರೇ ಬಡಿಸುತ್ತಾರೆ. ನಮ್ಮ ಕಾರ್ಯಪ್ಪ ಸಾಹೇಬರು 1965ರಲ್ಲಿ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ ಏನು ಹೇಳಿದರು...

ಕೆಇಎ_ಸಂತ್ರಸ್ತ
ಕೊಡಗಿನವರು ಬಂದ್ರು, ಕಾರ್ಯಪ್ಪನವರು ಬಂದ್ರು. ಗೊತ್ತು ಸರ್, ಮಗನಿಗೆ ಬೇರೆ ಸವಲತ್ತು ಬೇಡ, ಉಳಿದ ಸೆರೆಯಾಳುಗಳ ಹಾಗೇ ನೋಡ್ಕೊಳ್ಳಿ ಅಂದ್ರು. ಶಾಲೇಲೇ ಕೇಳಿದ್ವಿ 😄

ಮಡಿಕೇರಿ_ಹವಾಲ್ದಾರ್
ಕೇಳಿದ್ದರೆ ಒಳ್ಳೆಯದು. ಮರೆತವರು ಬಹಳ ಜನ ಇದ್ದಾರೆ.

ಕರಿ_ಕೋಟು
ಹವಾಲ್ದಾರ್ ಸರ್, ಗೌರವದಿಂದಲೇ ಕೇಳ್ತೀನಿ. ಸೇನೆ ಅಷ್ಟು ಚೆನ್ನಾಗಿದ್ರೆ ಸಹಾಯಕ್ ಪದ್ಧತಿ ಯಾಕೆ ಬೇಕಿತ್ತು? ಬಂದೂಕು ಹಿಡಿಯೋಕೆ ಸೇರಿದವನು ಸಾಹೇಬರ ನಾಯಿ ಓಡಾಡಿಸೋದು, ಮೇಮ್‌ಸಾಬ್ ಜೊತೆ ತರಕಾರಿ ಚೀಲ ಹೊರೋದು. ನೌಕಾಪಡೆ, ವಾಯುಪಡೆಗಳಲ್ಲಿ ಇದು ಇಲ್ಲ. ಸಂಸದೀಯ ಸಮಿತಿಯೇ ತೆಗೀರಿ ಅಂತ ಹೇಳಿತ್ತು. 2017ರ ಜನವರೀಲಿ ಆ ಯೋಧ ನೀರಿನಂಥ ದಾಲು, ಸುಟ್ಟ ಪರಾಠ ತೋರಿಸಿ ವಿಡಿಯೊ ಹಾಕಿದ. ಏಪ್ರಿಲ್ ಹೊತ್ತಿಗೆ ಅವನನ್ನೇ ವಜಾ ಮಾಡಿದ್ರು. ದರ್ಬಾರಲ್ಲಿ ಎದ್ದು ನಿಂತು ಹೇಳೋ ಹಾಗಿದ್ರೆ ಫೇಸ್‌ಬುಕ್‌ಗೆ ಯಾಕೆ ಬರ್ತಿದ್ದ?

ಮಡಿಕೇರಿ_ಹವಾಲ್ದಾರ್
ಮೊದಲು ಒಂದು ತಿದ್ದುಪಡಿ. ದಾಲಿನ ವಿಡಿಯೊದ ಹುಡುಗ ಬಿಎಸ್‌ಎಫ್, ಸೇನೆಯಲ್ಲ. ಬಿಎಸ್‌ಎಫ್ ಗೃಹ ಸಚಿವಾಲಯದ ಕೆಳಗೆ ಬರುತ್ತದೆ. ಎರಡನ್ನೂ ಕಲಸಬೇಡಿ.

ಸಹಾಯಕ್ ಬಗ್ಗೆ ನೀವು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಯುದ್ಧಭೂಮಿಯಲ್ಲಿ ಅಧಿಕಾರಿಯ ಜೊತೆ ರೇಡಿಯೊ, ನಕ್ಷೆ, ಆಯುಧ ನೋಡಿಕೊಳ್ಳಲು ಒಬ್ಬ ಬೇಕು, ಅದಕ್ಕೆ ಅರ್ಥ ಇದೆ. ಶಾಂತಿ ಸಮಯದ ಠಾಣ್ಯದಲ್ಲಿ ಮನೆಗೆಲಸ ಮಾಡಿಸಿದವರೂ ಇದ್ದರು. ಅದೇ ಜನವರಿಯಲ್ಲಿ ಸೇನೆಯ ಲಾನ್ಸ್ ನಾಯಕ್ ಒಬ್ಬನ ವಿಡಿಯೊ ಕೂಡ ಬಂತು, ಆಗ ಜನರಲ್ ರಾವತ್ ದೂರಿನ ಪೆಟ್ಟಿಗೆ ಇಡಿಸಿದರು. ಪೆಟ್ಟಿಗೆ ಇಡಬೇಕಾಗಿ ಬಂತು ಎನ್ನುವುದೇ ನಾಚಿಕೆ, ಒಪ್ಪುತ್ತೇನೆ. ಆದರೂ ಸೇನಾ ಕಾಯ್ದೆಯ ಸೆಕ್ಷನ್ 26ರಲ್ಲಿ ಜವಾನನಿಗೆ ಮೇಲಿನವರಿಗೆ ದೂರು ಕೊಡುವ ಹಕ್ಕಿದೆ.

ಪಿಸಿ_ಹುಬ್ಬಳ್ಳಿ
ನಮ್ಮಲ್ಲೂ ಆರ್ಡರ್ಲಿ (ಸಾಹೇಬ್ರ ಮನಿ ಕೆಲಸಕ್ಕ ಪೇದೆ ಹಾಕೂದು) ತಗದೇವಿ ಅಂತ 2017ರಾಗ ಹೇಳ್ಯಾರಲ್ರಿ. ತಗದಾರ, ಕಾಗದದ ಮ್ಯಾಲ. ಮನುಷ್ಯಾ ಅಲ್ಲೇ ಗಿಡಕ್ಕ ನೀರ ಹಾಕ್ಲಿಕ್ಕತ್ತಾನ, ಪುಸ್ತಕದಾಗ ಅವನ ಡ್ಯೂಟಿ ಹೆಸರು ಬ್ಯಾರೆ ಆಗೇದ.

ಹಳೇ_ರೈಟರ್
ಪುಸ್ತಕದಲ್ಲಿ "ಕಚೇರಿ ಕರ್ತವ್ಯ" ಅಂತ ಬರೀತಾರೆ. ನಾನೇ ಬರೆದಿದ್ದೀನಿ.

ಕರಿ_ಕೋಟು
ಈಗ ಕಾನೂನು ಮಾತು. ಠಾಣೆ ಒಳಗಿನದು ಕೇಳಿದ್ದೀರಿ ಅಂತ ಗೊತ್ತು, ಆದ್ರೂ ಬೇರು ಹೊರಗಿದೆ. ಪೊಲೀಸರು ಸಂಘ ಕಟ್ಟೋ ಹಾಗಿಲ್ಲ, ಪತ್ರಿಕೆ ಮುಂದೆ ಬಾಯಿ ಬಿಡೋ ಹಾಗಿಲ್ಲ. 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಇದೆ, ಅದಕ್ಕೆ ಸಂವಿಧಾನದ 33ನೇ ವಿಧಿಯ ಬೆಂಬಲ ಇದೆ. 2016ರ ಜೂನ್ 4ಕ್ಕೆ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕ್ತೀವಿ ಅಂದಾಗ ಏನಾಯ್ತು? ಎಸ್ಮಾ (ಮುಷ್ಕರ ತಡೆಯೋ ಕಾಯ್ದೆ) ಜಾರಿ. ಪೊಲೀಸ್ ಮಹಾಸಂಘದ ಅಧ್ಯಕ್ಷರ ಮೇಲೆ ದೇಶದ್ರೋಹದ ಕೇಸು. ರಜೆ ಕೇಳಿದ್ದಕ್ಕೆ 124ಎ, ಇದನ್ನ ಬೇರೆ ಯಾವ ನೌಕರ ವರ್ಗದಲ್ಲಿ ಕೇಳಿದ್ದೀರಿ? ಅದಾದ ಮೇಲೇ ಪೊಲೀಸರ ಸಂಬಳ ನೋಡೋಕೆ ಔರಾದ್ಕರ್ ಸಮಿತಿ, 2019ರಲ್ಲಿ ಸಂಬಳ ಪರಿಷ್ಕರಣೆ. ಅಂದ್ರೆ ಬಾಯಿ ಬಿಟ್ಟಿದ್ದಕ್ಕೇ ಏನೋ ಸ್ವಲ್ಪ ಸಿಕ್ಕಿದ್ದು.

ಇನ್ನು 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಅವಧಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆರು ತಿಂಗಳಿಗೆ ಎತ್ತಂಗಡಿ ಆಗ್ತೀನಿ ಅಂತ ಗೊತ್ತಿರೋ ಪಿಎಸ್‌ಐ ಯಾವ ಸಂಸ್ಕೃತಿ ಬದಲಿಸ್ತಾನೆ? ಶಾಸಕರ ಲೆಟರ್ ಹಿಡಿದು ಬಂದವನಿಗೆ ಶಾಸಕರೇ ಬಾಸ್.

ಕ್ವಾರ್ಟರ್ಸ್_ಶೋಭಾ
ಔರಾದ್ಕರ್ ವರದಿಯಿಂದ ಹೊಸಬರಿಗೆ ಅನುಕೂಲ ಆಯ್ತು, ನಮ್ಮವರಂಥ ಹಳಬರಿಗೆ ಲೆಕ್ಕದಲ್ಲಿ ಸಿಕ್ಕಿದ್ದು ಕಮ್ಮಿ. ಅದನ್ನೂ ಸೇರಿಸಿ ಹೇಳಿ.

ಕುಂಬಳೆ_ಮಾಷ್ಟ್ರು
ನಮ್ಮ ಕಾಸರಗೋಡಿನಲ್ಲಿ ಪೊಲೀಸರಿಗೆ ಸಂಘ ಉಂಟು ಮಾರಾಯ್ರೆ. ಕೇರಳ ಪೊಲೀಸ್ ಅಸೋಸಿಯೇಷನ್. ಚುನಾವಣೆ ಆಗ್ತದೆ, ಸಮ್ಮೇಳನ ಆಗ್ತದೆ, ಮಂತ್ರಿಗಳು ಬಂದು ಭಾಷಣ ಮಾಡ್ತಾರೆ. ಅದೇ 1966ರ ಕಾಯ್ದೆ ಅಲ್ಲಿಗೂ ಅನ್ವಯ. ಸರ್ಕಾರ ಮಾನ್ಯತೆ ಕೊಟ್ರೆ ಆಯ್ತು. ಆಕಾಶ ಬಿದ್ದು ಹೋಗ್ಲಿಲ್ಲ.

ಹಳೇ_ರೈಟರ್
ಮಾಷ್ಟ್ರೆ, ಅಲ್ಲಿ ಸಂಘಕ್ಕೂ ಪಕ್ಷದ ಬಣ್ಣ ಹತ್ತಿದೆ ಅಂತ ಕೇಳಿದ್ದೀನಿ. ನಮ್ಮಲ್ಲಿ ಸಂಘ ಬಂದ್ರೆ ಮೊದಲ ದಿನವೇ ಜಾತಿಗೊಂದು ಆಗುತ್ತೆ.

ಕುಂಬಳೆ_ಮಾಷ್ಟ್ರು
ಬಣ್ಣ ಇಲ್ಲ ಅಂತ ನಾನು ಹೇಳ್ಲಿಲ್ಲ. ಆದ್ರೆ ಐಪಿಎಸ್‌ನವರಿಗೆ ಸಂಘ ಇರಬಹುದು, ಪೇದೆಗೆ ಮಾತ್ರ ಶಿಸ್ತು ಕೆಡ್ತದೆ ಅಂದ್ರೆ ಅದು ಎಂಥ ನ್ಯಾಯ?

ಪಿಸಿ_ಹುಬ್ಬಳ್ಳಿ
👏👏

ಮುಲುಂಡ್_ಮಂಜು
ಮುಂಬೈ ಕನ್ನಡಿಗ. ಇಲ್ಲಿ ನಡೆದ ಒಂದು ವಿಷಯ ಹೇಳ್ತೀನಿ, ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತೆ. 2016ರಲ್ಲಿ ದೇವನಾರ್ ಠಾಣೇಲಿ ಎಂಟು ಗಂಟೆ ಪಾಳಿ ಶುರು ಮಾಡಿದ್ರು. ಆಗ ಕಮಿಷನರ್ ದತ್ತಾ ಪಡಸಲಗೀಕರ್. ವಿಶೇಷ ಏನಪ್ಪಾ ಅಂದ್ರೆ, ಆ ಯೋಜನೆ ಬರೆದಿದ್ದು ಮೇಲಿನ ಕಚೇರಿಯಲ್ಲ, ಅದೇ ಠಾಣೆಯ ಒಬ್ಬ ಕಾನ್‌ಸ್ಟೆಬಲ್. ಇರೋ ಸಿಬ್ಬಂದೀಲೇ ಯಾರು ಯಾವಾಗ ಬಂದ್ರೆ ಎಂಟು ಗಂಟೆ ಕೆಲಸ, ಹದಿನಾರು ಗಂಟೆ ವಿಶ್ರಾಂತಿ ಸಾಧ್ಯ ಅಂತ ಅವರೇ ಕೂತು ಲೆಕ್ಕ ಹಾಕಿ ಕಮಿಷನರ್ ಮುಂದಿಟ್ರು. ಕಮಿಷನರ್ ಓದಿದ್ರು, ಒಂದು ಠಾಣೇಲಿ ಮಾಡಿ ನೋಡೋಣ ಅಂದ್ರು. ಆಮೇಲೆ ಬೇರೆ ಠಾಣೆಗಳಿಗೂ ಹೋಯ್ತು.

ಹಾಗಂತ ಮುಂಬೈ ಸ್ವರ್ಗ ಅಲ್ಲ. ಗಣಪತಿ ಹಬ್ಬದಲ್ಲಿ ಎಂಟು ಗಂಟೆ ಅಂದ್ರೆ ಇಲ್ಲೂ ನಗ್ತಾರೆ.

ಹಳೇ_ರೈಟರ್
ಮಂಜು ಅವರೆ, ಇದೇ ನಾನು ಹೇಳೋಕೆ ಹೊರಟಿದ್ದು. ಠಾಣೆಯ ಲೆಕ್ಕ ಠಾಣೆಯವನಿಗೇ ಗೊತ್ತು. ಎಸ್‌ಪಿ ಆಫೀಸಲ್ಲಿ ಕೂತು ಪಾಳಿ ಹಾಕಿದ್ರೆ ಆ ಒಂಬತ್ತು ಜನ ಅವರ ಕಣ್ಣಿಗೆ 40 ಆಗಿ ಕಾಣ್ತಾರೆ.

ಎರಡು_ಸ್ಟಾರ್
ಮಂಜು ಸರ್, ಇದು ನಂಗೆ ಗೊತ್ತೇ ಇರ್ಲಿಲ್ಲ. ಅಕಾಡೆಮೀಲಿ ಯಾರೂ ಹೇಳ್ಲಿಲ್ಲ. ಕವಾಯತು, ಕಾನೂನು, ಫೈರಿಂಗ್ ಎಲ್ಲಾ ಕಲಿಸಿದ್ರು. 40 ಜನರ ಡ್ಯೂಟಿ ಹಂಚೋದು ಹೇಗೆ ಅಂತ ಒಂದು ಪಿರಿಯಡ್ ಇರ್ಲಿಲ್ಲ.

ಮಪಿಸಿ_ಅನಾಮಿಕ
ಇಷ್ಟು ಹೊತ್ತು ಓದಿದೆ. ಹೆಂಗಸರು ಠಾಣೇಲಿ ಇದ್ದಾರೆ ಅಂತ ಯಾರಿಗೂ ನೆನಪಾಗ್ಲಿಲ್ಲ, ಸಂತೋಷ.

ನಾನು ಮಹಿಳಾ ಹೆಚ್‌ಸಿ. ಬಂದೋಬಸ್ತ್ ಅಂದ್ರೆ ನಮಗೆ ಮೊದಲ ಯೋಚನೆ ಜನಜಂಗುಳಿ ಅಲ್ಲ, ಶೌಚಾಲಯ. ಬೆಳಿಗ್ಗೆ ಆರಕ್ಕೆ ಪಾಯಿಂಟ್‌ಗೆ ನಿಲ್ಲಿಸಿ ಹೋದ್ರೆ ಬದಲಿ ಬರೋದು ಯಾವಾಗ ಅಂತ ದೇವರಿಗೂ ಗೊತ್ತಿಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡ್ತೀವಿ. ನಮ್ಮಲ್ಲಿ ಎಷ್ಟು ಜನಕ್ಕೆ ಮೂತ್ರದ ಸೋಂಕು ಇದೆ ಅಂತ ಯಾರೂ ಲೆಕ್ಕ ಹಾಕಿಲ್ಲ. ನಾನು ನೋಡಿದ ಒಬ್ರೇ ಒಬ್ರು ಪಿಎಸ್‌ಐ, ಬಂದೋಬಸ್ತ್ ಸ್ಕೆಚ್ ಹಾಕುವಾಗಲೇ ಮಹಿಳಾ ಸಿಬ್ಬಂದಿ ಪಾಯಿಂಟ್ ಪಕ್ಕ ಯಾವ ಶಾಲೆ, ಯಾವ ಕಲ್ಯಾಣ ಮಂಟಪ ಇದೆ ಅಂತ ಗುರುತು ಹಾಕಿ, ಅಲ್ಲಿಯವರ ಫೋನ್ ನಂಬರ್ ಬರ್ಕೊಂಡು ನಮಗೆ ಕೊಡ್ತಿದ್ರು. ಇಬ್ಬಿಬ್ಬರನ್ನ ಜೋಡಿ ಮಾಡಿ ಹಾಕ್ತಿದ್ರು, ಒಬ್ಬಳು ಹೋಗಿ ಬರೋವರೆಗೆ ಇನ್ನೊಬ್ಬಳು ನೋಡ್ಕೊಳ್ಳೋ ಹಾಗೆ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಅವರಿಗೋಸ್ಕರ ನಾವು ರಾತ್ರಿ ಎರಡು ಗಂಟೆಗೆ ಕರೆದ್ರೂ ಹೋಗ್ತಿದ್ವಿ.

ಇನ್ನೊಂದು. ಮಹಿಳಾ ಸಿಬ್ಬಂದಿ ಅಂದ್ರೆ ಪೊಲೀಸ್ ಐಟಿ ಕಂಪ್ಯೂಟರ್ ಮುಂದೆ ಕೂರಿಸೋದು, ಇಲ್ಲಾ ರಿಸೆಪ್ಷನ್. ತನಿಖೆಗೆ ಕರ್ಕೊಂಡು ಹೋಗಿ ಸರ್. ನಮಗೂ ಮಹಜರು ಬರೆಯೋಕೆ ಬರುತ್ತೆ.

ಎರಡು_ಸ್ಟಾರ್
ಮೇಡಂ, ಬಂದೋಬಸ್ತ್ ಸ್ಕೆಚ್ ವಿಷಯ ನನ್ನ ತಲೆಗೆ ಬರ್ತಾನೇ ಇರ್ಲಿಲ್ಲ. ಥ್ಯಾಂಕ್ಸ್.

ಸಾಮಾನ್ಯ_ಪ್ರಜೆ
ಎಲ್ಲಾ ಸರಿ. ಪೊಲೀಸರಿಗೆ ರಜೆ ಇಲ್ಲ, ನಿದ್ದೆ ಇಲ್ಲ, ಅಯ್ಯೋ ಪಾಪ. ನನ್ನ ಬೈಕ್ ಕಳುವಾದಾಗ ಎಫ್‌ಐಆರ್ ಮಾಡೋಕೆ ಎಷ್ಟು ಸಲ ಅಲೆದೆ ಗೊತ್ತಾ? ಹೋದಾಗೆಲ್ಲಾ "ಸಾಹೇಬ್ರಿಲ್ಲ". ಮಾತಾಡಿಸಿದ್ದು ಏಕವಚನದಲ್ಲಿ. ನಿಮ್ಮ ಒಳಗಿನ ಸಂಸ್ಕೃತಿ ಕಟ್ಕೊಂಡು ನಮಗೇನು?

ಪಿಸಿ_ಹುಬ್ಬಳ್ಳಿ
ಅಣ್ಣಾರ, ನಿಮ್ಮ ಸಿಟ್ಟು ಖರೇ ಅದ. ಎಫ್‌ಐಆರ್ ಮಾಡಿದ್ರ ಪತ್ತೆಯಾಗದ ಕೇಸ್ ಒಂದು ಜಾಸ್ತಿ ಆಗ್ತದ, ಕ್ರೈಂ ಮೀಟಿಂಗ್‌ನಾಗ ಅದಕ್ಕ ಬೈಗುಳ ಬೀಳ್ತದ. ಅದಕ್ಕ ತಿರಗಾಡಸ್ತಾರ. ನಿಮ್ಮ ಬೈಕ್‌ಗೂ ಆ ಮೀಟಿಂಗ್‌ಗೂ ಸಂಬಂಧ ಅದ ಅಂತ ಇಷ್ಟೊತ್ತು ಹೇಳಿದ್ದು ಇದನ್ನ.

ಸಾಮಾನ್ಯ_ಪ್ರಜೆ
ಅದು ಕಾರಣ ಆಯ್ತು, ಸಮರ್ಥನೆ ಅಲ್ಲ. ಮಾಮೂಲು ತಗೊಳ್ಳೋದಕ್ಕೂ ಕ್ರೈಂ ಮೀಟಿಂಗೇ ಕಾರಣನಾ?

ಪಿಸಿ_ಹುಬ್ಬಳ್ಳಿ
ಅದಕ್ಕಲ್ರಿ.

ಕರಿ_ಕೋಟು
2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಅನ್ನೋ ಸಂಸ್ಥೆಗಳವರು ದೇಶದ ಪೊಲೀಸರನ್ನ ಮಾತಾಡಿಸಿ ಒಂದು ವರದಿ ತಂದ್ರು. ದಿನಕ್ಕೆ ಸರಾಸರಿ 14 ಗಂಟೆ ಕೆಲಸ, ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. 14 ಗಂಟೆ ನಿಂತವನ ಮುಂದೆ ನಿಮ್ಮ ದೂರು ಹೋಗುತ್ತೆ. ಆ ವ್ಯವಹಾರದಲ್ಲಿ ನಷ್ಟ ನಿಮ್ಮದೇ, ಅದಕ್ಕಾದ್ರೂ ನಿಮಗೆ ಸಂಬಂಧ ಇದೆ.

ಕೆಇಎ_ಸಂತ್ರಸ್ತ
ಇಷ್ಟೆಲ್ಲಾ ಆದ್ಮೇಲೆ 2025ರಲ್ಲಿ ಸುಧಾರಣೆ ಅಂತ ಬಂದಿದ್ದೇನು? ಟೋಪಿ! ಪೇದೆಗಳ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್.

ಹಳೇ_ರೈಟರ್
ನಗಬೇಡಿ. ಆ ಸ್ಲೋಚ್ ಹ್ಯಾಟ್ ಹಾಕ್ಕೊಂಡು ಮಳೇಲಿ ನಿಂತವರಿಗೆ ಗೊತ್ತು. ನೆನೆದ್ರೆ ಭಾರ, ಬಿಸಿಲಲ್ಲಿ ಒಳಗೆಲ್ಲಾ ಬೆವರು, ಲಾಠಿ ಚಾರ್ಜ್ ಮಾಡುವಾಗ ತಲೇಲಿ ನಿಲ್ಲಲ್ಲ, ಟೋಪಿ ಹಿಡಿಯೋದೋ ಲಾಠಿ ಹಿಡಿಯೋದೋ. ಅಧಿಕಾರಿಗಳಿಗೆ ಒಂದು ಟೋಪಿ, ಪೇದೆಗೆ ಇನ್ನೊಂದು ಅಂತ ಬ್ರಿಟಿಷರ ಕಾಲದಿಂದ ದೂರದಿಂದಲೇ ಗುರುತು ಸಿಗೋ ಹಾಗೆ ಮಾಡಿದ್ರು. ಅದು ಹೋಗಿದ್ದು ಒಳ್ಳೇದೇ ಆಯ್ತು.

ಮಡಿಕೇರಿ_ಹವಾಲ್ದಾರ್
ಸ್ಲೋಚ್ ಹ್ಯಾಟ್ ನೋಡಲು ಚೆನ್ನಾಗಿತ್ತು. ಕರ್ನಾಟಕದ ಪೊಲೀಸ್ ಎಂದು ದೂರದಿಂದಲೇ ತಿಳಿಯುತ್ತಿತ್ತು.

ಮಪಿಸಿ_ಅನಾಮಿಕ
ನೋಡೋಕೆ ಚೆನ್ನಾಗಿತ್ತು ಸರ್. ಜಡೆ ಮೇಲೆ ಹಾಕ್ಕೊಂಡು ನೋಡಿ ಒಂದ್ಸಲ.

ಕೆಇಎ_ಸಂತ್ರಸ್ತ
😂😂 ಮುಗೀತು ಚರ್ಚೆ.

ನಿರ್ವಾಹಕ
ಟೋಪಿಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಎರಡು_ಸ್ಟಾರ್
ಎಲ್ಲರ ಉತ್ತರ ಕೂತು ಓದಿದೆ. ನಾನು ಅಂದ್ಕೊಂಡಿರೋದು ಹೇಳ್ತೀನಿ, ತಪ್ಪಿದ್ರೆ ತಿದ್ದಿ.

ರೋಲ್ ಕಾಲಲ್ಲಿ ರಜೆ ಮಾತೇ ಇಲ್ಲ. ಸೆಂಟ್ರಿ ಹತ್ರ ಒಂದು ರಜೆ ಪುಸ್ತಕ, ಬೇಕಾದವರು ಬರೀಬೇಕು. ಕೊಡ್ತೀನೋ ಇಲ್ವೋ ಅಂತ ಅವತ್ತು ಸಂಜೆ ಒಳಗೆ ಅದರಲ್ಲೇ ನನ್ನ ಕೈಬರಹದಲ್ಲಿ ಬರೀತೀನಿ, ಇಲ್ಲ ಅಂದ್ರೆ ಯಾಕೆ ಅನ್ನೋದೂ ಸೇರಿ. ಬೈಯೋದಿದ್ರೆ ಛೇಂಬರಲ್ಲಿ, ಬಾಗಿಲು ಹಾಕಿ. ಆರೋಪಿ, ದೂರುದಾರರ ಮುಂದೆ ಯಾವ ಕಾರಣಕ್ಕೂ ಇಲ್ಲ. ವಾರದ ರಜೆಗೆ ಏಳು ಗುಂಪು, ಗೋಡೇಲಿ ಬೋರ್ಡು.

ಹಳೇ_ರೈಟರ್
ಬೋರ್ಡು ಸರಿ. ಎರಡು ವಿಷಯ ನೋಡ್ಕೊಳ್ಳಿ. ಏಳು ಗುಂಪು ಅಂತ ಮಾಡಿ ಭಾನುವಾರದ ಗುಂಪಿಗೆ ಯಾರನ್ನ ಹಾಕ್ತೀರಿ? ಮೊದಲ ವಾರವೇ ಜಗಳ. ಅದಕ್ಕೆ ತಿಂಗಳಿಗೊಮ್ಮೆ ಗುಂಪು ಒಂದು ದಿನ ಮುಂದಕ್ಕೆ ಸರೀಬೇಕು. ಈ ತಿಂಗಳು ಸೋಮವಾರದವರಿಗೆ ಮುಂದಿನ ತಿಂಗಳು ಮಂಗಳವಾರ. ಎರಡನೇದು, ಬಂದೋಬಸ್ತ್ ಬಂದ್ರೆ ಬೋರ್ಡ್ ಅಳಿಸೋಕೆ ಹೋಗ್ಬೇಡಿ. ರದ್ದಾದ ರಜೆ ಪಕ್ಕ ಕೆಂಪು ಗುರುತು ಹಾಕಿ ಹಾಗೇ ಬಿಡಿ. ಹಬ್ಬ ಮುಗಿದ ಮೇಲೆ ಯಾರಿಗೆ ಎಷ್ಟು ಬಾಕಿ ಅಂತ ಎಲ್ಲರ ಕಣ್ಣಿಗೂ ಕಾಣ್ಬೇಕು. ಅಳಿಸಿದ್ರೆ ಬಾಕೀನೂ ಹೋಯ್ತು.

ಪಿಸಿ_ಹುಬ್ಬಳ್ಳಿ
ಮತ್ತ ಆ ಬೋರ್ಡ್ ಮ್ಯಾಲ ನಿಮ್ಮ ಹೆಸರೂ ಇರ್ಲಿ ಸರ. ಪಿಎಸ್‌ಐ ವಾರಕ್ಕೊಮ್ಮೆ ಮನಿಗೆ ಹೋಗೂದು ಕಂಡ್ರ ನಮಗೂ ಕೇಳಾಕ ಅಂಜಿಕಿ ಇರೂದಿಲ್ಲ.

ಬೆಳ್ಳಂದೂರು_ಭಟ್ಟ
ಗೋಡೆ ಮೇಲೆ ಬೋರ್ಡ್, ಒಬ್ಬೊಬ್ಬರ ಜೊತೆ ಛೇಂಬರಲ್ಲಿ ಮಾತು. ನಾನು ಹೇಳಿದ್ದೂ ಇದನ್ನೇ ಅಲ್ವೇನ್ರೀ?

ಕೆಇಎ_ಸಂತ್ರಸ್ತ
ಆಯ್ತು ಭಟ್ರೆ, ಶುಕ್ರವಾರ ಸಂಜೆ ಬಿಟ್ಟು ಎಲ್ಲಾ ಒಪ್ಪಿದ್ವಿ.

ಕರಿ_ಕೋಟು
ಮೇಲಿಂದ ಒತ್ತಡ ಬಂದಾಗ ಏನ್ಮಾಡ್ತೀರಿ, ಅದು ಹೇಳ್ಲಿಲ್ಲ. ಕ್ರೈಂ ಮೀಟಿಂಗಲ್ಲಿ ಬೈಸ್ಕೊಂಡು ಬಂದ ಮರುದಿನ?

ಎರಡು_ಸ್ಟಾರ್
ಅವತ್ತು ರೋಲ್ ಕಾಲ್ ಎಎಸ್‌ಐ ಕೈಲಿ ಮಾಡಿಸ್ತೀನಿ ಸರ್. ಸದ್ಯಕ್ಕೆ ಬೇರೆ ಉಪಾಯ ಹೊಳೀತಿಲ್ಲ.

ಮಪಿಸಿ_ಅನಾಮಿಕ
ಅದೇ ಸಾಕು. ಅಷ್ಟು ಯೋಚನೆ ಮಾಡಿದವರನ್ನೇ ಕಂಡಿಲ್ಲ.

ಹಳೇ_ರೈಟರ್
ಇಷ್ಟು ಹೊತ್ತು ಸಂಸ್ಕೃತಿ ಮಾತಾಡಿದ್ವಿ, ಕೆಲಸದ ಮಾತು ಮರೆತ್ರೆ ಮುಳುಗ್ತೀರಿ. ಚಾರ್ಜ್ ತಗೊಳ್ಳೋ ದಿನ ಹಾರ-ತುರಾಯಿ ಅಂತ ಫೋಟೊಕ್ಕೆ ನಿಂತು ಸಹಿ ಹಾಕ್ಬಿಡ್ಬೇಡಿ. ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಕೊಠಡಿ ಬಾಗಿಲು ತೆಗೆಸಿ, ರಿಜಿಸ್ಟರ್ ಇಟ್ಕೊಂಡು ಒಂದೊಂದೇ ಐಟಂ ನೋಡಿ. ಬಂಗಾರ ಇದ್ರೆ ಪಂಚರ (ಸಾಕ್ಷಿಗಳ) ಮುಂದೆ ತೂಕ ಮಾಡ್ಸಿ, ಸೀಲ್ ಒಡೆದಿದ್ಯಾ ನೋಡಿ. ಒಂದು ದಿನ ಹಿಡೀಲಿ, ಎರಡು ದಿನ ಹಿಡೀಲಿ. ಸಹಿ ಬಿದ್ದ ಮೇಲೆ ಹಳೆಯವರ ಬಾಕಿ ಎಲ್ಲಾ ನಿಮ್ಮದೇ.

ಪಿಸಿ_ಹುಬ್ಬಳ್ಳಿ
ಜಪ್ತಿ ಸಾರಾಯಿ ಬಾಟ್ಲಿನೂ ಎಣಿಸ್ರಿ ಸರ. ಕಮ್ಮಿ ಬಿದ್ರ "ಇಲಿ ಕುಡದಾವ" ಅಂತ ಹೇಳ್ತಾರ, ಒಪ್ಪಬ್ಯಾಡ್ರಿ.